ಬಾಗಿಲು ಮುಚ್ಚಿದ್ದ ತುಂಗನಾಥದಲ್ಲಿ

ಕೇದಾರಕ್ಕೆ ಹೋಗಿಬಂದ ಕುಟುಂಬಗಳು ನಮ್ಮಲ್ಲಿ ಅನೇಕ. ಕೇದಾರ ಪೀಠದ ನೆಲೆಯಾದ ಊಖೀಮಠದ ಹೆಸರೂ ಓದುಗರಿಗೆ ಹೊಸದಲ್ಲ. ಹಿಮ ಬಿದ್ದು ಕೇದಾರನಾಥದ ಬಾಗಿಲು ಮುಚ್ಚಿದ ಮೇಲೆ ಅಲ್ಲಿಯ ಉತ್ಸವಮೂರ್ತಿಯು ಊಖೀಮಠದ ಓಂಕಾರೇಶ್ವರ ದೇವಾಲಯದಲ್ಲಿ ಪೂಜೆಗೊಳ್ಳುತ್ತದೆ. ಕೇದಾರದ ರಾವಲರು ವೀರಶೈವ ಜಂಗಮ ಪರಂಪರೆಯವರಾದ್ದರಿಂದ ಆ ದೂರದ ಊರಿನಲ್ಲಿಯೂ ನಮಗೆ ಪರಸ್ಥಳವೆನಿಸಲಿಲ್ಲ.

2019ರ ಮಾರ್ಚ್ ಕೊನೆಯ ವಾರ. ನನ್ನೊಡನೆ ಇದ್ದವರು ಒಂದೇ ಶಾಲೆಯಲ್ಲಿ ನನ್ನ ಜೊತೆ ಬಹುಕಾಲ ಪಾಠ ಹೇಳಿದ ಮಿತ್ರರು. ಪಂಚಕೇದಾರಗಳಲ್ಲಿ ಅತಿ ಎತ್ತರದ ತುಂಗನಾಥವನ್ನು ಕಂಡು, ಅದರ ಮೇಲಿರುವ ಚಂದ್ರಶಿಲಾ ಶಿಖರವನ್ನೂ ಏರಬೇಕೆಂಬ ಹಠ ನನ್ನದು. ಬೆಳಗಿನ ಜಾವ ಜೀಪಿನಲ್ಲಿ ಚೋಪ್ತಾ ತಲುಪಿದೆವು.

ಚೋಪ್ತಾ ಸುಮಾರು 2,700 ಮೀಟರ್ ಎತ್ತರದಲ್ಲಿದೆ, ತುಂಗನಾಥ ಸುಮಾರು 3,680 ಮೀಟರ್. ನಡುವಿನ ದಾರಿ ಮೂರೂವರೆ ಕಿಲೋಮೀಟರ್ ಮಾತ್ರ. ಕೆಳಗೆ ಬುರಾಂಶ್ ಮರಗಳು ಕೆಂಪು ಹೂ ಬಿಟ್ಟು ನಿಂತಿದ್ದವು. ಮೇಲೇರಿದಂತೆ ಮರಗಳು ಮುಗಿದು, ಅಲ್ಲಿಯವರು ಬುಗ್ಯಾಲ್ ಎನ್ನುವ ಹುಲ್ಲುಗಾವಲು ತೆರೆದುಕೊಂಡಿತು. ಹುಲ್ಲೆಂಬುದು ಹೆಸರಿಗೆ ಮಾತ್ರ, ಎಲ್ಲವೂ ಹಿಮದ ಅಡಿಯಲ್ಲಿ. ಕಲ್ಲು ಹಾಸಿದ ದಾರಿಯೂ ಕಾಣದು. ಮುಂಜಾನೆಯ ಹಿಮ ಗಟ್ಟಿಯಾಗಿದ್ದು ಕಾಲನ್ನು ಹೊರುತ್ತಿತ್ತು. ಬಿಸಿಲೇರಿದರೆ ಮೊಣಕಾಲಿನವರೆಗೆ ಹೂತುಹೋಗುತ್ತದೆಂದು ಜೀಪಿನವನು ಮೊದಲೇ ಎಚ್ಚರಿಸಿದ್ದ.

ಗುಡಿಯ ಬಾಗಿಲು ಮುಚ್ಚಿತ್ತು. ಚಳಿಗಾಲಕ್ಕೆ ತುಂಗನಾಥನ ಉತ್ಸವಮೂರ್ತಿ ಮಕ್ಕೂಮಠಕ್ಕೆ ಇಳಿದಿರುತ್ತದೆ. ತಿಳಿದೇ ಬಂದಿದ್ದರೂ ಬೀಗ ಕಂಡಾಗ ನನ್ನ ಮನಸ್ಸು ಕುಗ್ಗಿತು. ಮಿತ್ರರು ಸ್ವೆಟರಿನ ಮೇಲಿನಿಂದಲೇ ಎದೆಯ ಇಷ್ಟಲಿಂಗವನ್ನು ಮುಟ್ಟಿ, "ಮಾಸ್ತರ, ಇಲ್ಲಿ ಬಾಗಿಲಿಲ್ಲ ನೋಡ್ರಿ" ಎಂದು ನಕ್ಕರು. ಕಲ್ಲುಗೋಡೆಯ ಮರೆಯಲ್ಲಿ ಕುಳಿತು ಕಟ್ಟಿ ತಂದಿದ್ದ ಚಪಾತಿ, ಶೇಂಗಾ ಚಟ್ನಿ ತಿಂದೆವು. ನನ್ನ ಕೈಚೀಲಗಳು ಹತ್ತಿಯವು, ಹಿಮ ಹಿಡಿದು ತೊಯ್ದಿದ್ದವು. ಅವರು ತಮ್ಮ ಉಣ್ಣೆಯ ಕೈಚೀಲಗಳನ್ನು ಕಳಚಿ ಕೊಟ್ಟರು. "ನನಗ ಸೆಕಿ ಆಗ್ತೈತ್ರಿ" ಎಂದರು. ನಾನು ನಂಬಿದೆ. ನಂಬುವುದು ನನಗೆ ಅನುಕೂಲವೂ ಆಗಿತ್ತು.

ಅಲ್ಲಿಂದ ಚಂದ್ರಶಿಲೆಗೆ ಒಂದೂವರೆ ಕಿಲೋಮೀಟರ್. ಏಣಿನ ಮೇಲೆ ಕಾಲಿಟ್ಟೊಡನೆ ಗಾಳಿ ಎದುರಾಯಿತು. ನೆಲದ ಹಿಮವೇ ಪುಡಿಯಾಗಿ ಎದ್ದು ಮುಖಕ್ಕೆ ಮರಳಿನಂತೆ ಹೊಡೆಯುತ್ತಿತ್ತು. ಆ ಎತ್ತರದಲ್ಲಿ ಉಸಿರಿಗೆ ಸಿಗುವ ಪ್ರಾಣವಾಯು ಕಡಲ ತೀರದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲಿನಷ್ಟೇ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆವು. ಅರ್ಧ ದಾರಿಯಲ್ಲಿ ಮಿತ್ರರು, "ಸಾಕ್ರಿ, ಇಳಿಯೂಣು" ಎಂದರು. ಇಷ್ಟು ದೂರ ಬಂದು ಹಿಂದಿರುಗುವುದೇ ಎಂದು ನಾನು ಸಿಡುಕಿದೆ. ನಮ್ಮಿಬ್ಬರ ಮಾತನ್ನೂ ಗಾಳಿ ಅರ್ಧಕ್ಕೇ ಕಿತ್ತುಕೊಳ್ಳುತ್ತಿತ್ತು. "ನೀವು ಇಲ್ಲಿಯೇ ಇರಿ, ನಾನು ಮುಟ್ಟಿ ಬರುತ್ತೇನೆ" ಎಂದು ಮುಂದೆ ನಡೆದೆ.

ನೂರು ಹೆಜ್ಜೆ ಹೋಗಿರಬಹುದು. ತಿರುಗಿ ನೋಡಿದರೆ ಅವರಿರಲಿಲ್ಲ. ಬಿಳುಪಿನ ಹೊರತು ಏನೂ ಇರಲಿಲ್ಲ. ಕೂಗಿದ್ದು ನನ್ನ ಕಿವಿಗೇ ಕೇಳಿಸಲಿಲ್ಲ. ನನ್ನ ಹೆಜ್ಜೆಗುರುತುಗಳು ಆಗಲೇ ತುಂಬಿಬರುತ್ತಿದ್ದವು, ಅವು ಅಳಿಯುವ ಮೊದಲೇ ಅವುಗಳ ಮೇಲೆಯೇ ಇಳಿದೆ. ಅವರು ಒಂದು ಬಂಡೆಯ ಮರೆಯಲ್ಲಿ ಎರಡೂ ಕೈಗಳನ್ನು ಕಂಕುಳಲ್ಲಿಟ್ಟು ಕುಳಿತಿದ್ದರು. ನನ್ನ ತೊಯ್ದ ಕೈಚೀಲಗಳು ಪಕ್ಕದಲ್ಲಿ ಹಪ್ಪಳದಂತೆ ಸೆಟೆದಿದ್ದವು. ಬೆರಳ ತುದಿಗಳು ಸುಣ್ಣದಂತೆ ಬಿಳುಪೇರಿ, ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಅಂಥ ಬೆರಳುಗಳನ್ನು ಉಜ್ಜಬಾರದು, ಮೈಬಿಸಿಯಲ್ಲಿಯೇ ಕಾಯಿಸಬೇಕು. ನನ್ನ ಕೋಟು ಬಿಚ್ಚಿ ಅವರ ಕೈಗಳನ್ನು ನನ್ನ ಕಂಕುಳಲ್ಲಿರಿಸಿಕೊಂಡೆ. ಬಹಳ ಹೊತ್ತಿನ ಮೇಲೆ ಅವರು ನೋವಿನಿಂದ ನರಳಿದರು. ಜೀವ ಮರಳಿದ ಲಕ್ಷಣವದು. ಉಣ್ಣೆಯ ಕೈಚೀಲಗಳನ್ನು ಅವರಿಗೇ ತೊಡಿಸಿ ಇಳಿಯತೊಡಗಿದೆವು.

ಕೆಳಗೆ ಗಾಳಿ ತಗ್ಗಿತ್ತು. ಒಂದು ಕ್ಷಣ ಮೋಡ ಸರಿದು ಚೌಖಂಬಾದ ಶಿಖರಗಳು ಹೊಳೆದವು. ಮಿತ್ರರು ಕೈಮುಗಿದರು, ನಾನು ಅವರ ಕೈಗಳನ್ನೇ ನೋಡುತ್ತಿದ್ದೆ.

ಚೋಪ್ತಾದ ಚಹದಂಗಡಿಯವನು ಚಂದ್ರಶಿಲೆಯವರೆಗೆ ಹೋದಿರಾ ಎಂದು ಕೇಳಿದ. ನಾನು ಇಲ್ಲವೆಂದೆ. ಮಿತ್ರರಿಗೆ ಲೋಟ ಹಿಡಿಯಲು ಆಗದ್ದರಿಂದ ನಾನೇ ಹಿಡಿದು ಕುಡಿಸಿದೆ. ಎರಡು ಗುಟುಕಾದ ಮೇಲೆ ಅವರು ಮುಖ ಸಿಂಡರಿಸಿ, "ಸಕ್ರಿ ಬಾಳ ಹಾಕ್ಯಾನ್ರೀ" ಎಂದರು.