ಟ್ಯೂನಿಂಗ್ ಮಾಡಿಸಿದ ಮೇಲೆ ಗಾಡಿ ಯಾಕೆ ಎಳೆಯಲ್ಲ?



ಈ ಸಲ ಬೆಳೆ ಬಗ್ಗೆ ಅಲ್ಲ, ಬೆಳೆದಿದ್ದನ್ನ ಹೊತ್ತು ಮಾರ್ಕೆಟ್‌ಗೆ ಹಾಕೋ ಗಾಡಿ ಬಗ್ಗೆ ಬರೀತಿದೀನಿ. ನಮ್ಮ ರಾಜಾನುಕುಂಟೆ, ಸಿಂಗನಾಯಕನಹಳ್ಳಿ ಕಡೆ ಇತ್ತೀಚೆಗೆ ಮೂರು ಜನ ಒಂದೇ ಮಾತು ಹೇಳಿದ್ರು. "ಗಾಡಿ ಚೆನ್ನಾಗೇ ಓಡ್ತಿತ್ತು ಕಣಣ್ಣ. ಟ್ಯೂನಿಂಗ್ ಮಾಡ್ಸಿದೆ, ಆಮೇಲಿಂದ ಪಿಕಪ್ಪೇ ಇಲ್ಲ." ಇದೇ ಗ್ರಹಚಾರ ಕಳೆದ ಮಳೆಗಾಲದಲ್ಲಿ ನನ್ನ ಗಾಡಿಗೂ ಬಂದಿತ್ತು. ಪ್ರತಿಯೊಬ್ಬರಿಗೂ ಫೋನಲ್ಲಿ ಹೇಳೋದಕ್ಕಿಂತ ಇಲ್ಲಿ ಬರೆದುಬಿಟ್ರೆ ಎಲ್ಲರಿಗೂ ಆಗುತ್ತೆ.

ನಂದು ಹಳೇ ಮಾರುತಿ ಓಮ್ನಿ, ಕಾರ್ಗೋ ಮಾಡೆಲ್. ಮೂರು ಸಿಲಿಂಡರ್, 796 ಸಿಸಿ. ಎಂಜಿನ್ನು ಮುಂದಿನ ಸೀಟಿನ ಕೆಳಗೇ ಇರುತ್ತೆ, ಸೀಟು ಎತ್ತಿದ್ರೆ ಪ್ಲಗ್ಗು ಸಿಗುತ್ತೆ. 1 ಎಕರೆ 10 ಗುಂಟೆಯಲ್ಲಿ ದಂಟು, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಹಾಕ್ತೀನಿ. ಸಂಜೆ ಕಿತ್ತು, ತೊಳೆದು, ಕಟ್ಟು ಕಟ್ಟಿ, ಬೆಳಗಿನ ಜಾವ 3 ಗಂಟೆಗೆ ಹೊರಟ್ರೆ ಯಲಹಂಕ, ಹೆಬ್ಬಾಳ ದಾಟಿ ಕೆ.ಆರ್. ಮಾರ್ಕೆಟ್. ಸೊಪ್ಪಿನ ಕಥೆ ನಿಮಗೆ ಗೊತ್ತಿರೋದೇ. ನಾಲ್ಕೂವರೆಗೆ ಇದ್ದ ರೇಟು ಆರು ಗಂಟೆಗೆ ಇರಲ್ಲ. ಗಾಡಿ ಇಲ್ಲ ಅಂದ್ರೆ ಹೊಲದ ಹತ್ರಕ್ಕೆ ಬರೋ ದಲ್ಲಾಳಿ ಹೇಳಿದ ಬೆಲೆಗೆ ಕೊಡಬೇಕು. ಒಂದೆಕರೆಯವನು ಮಾರ್ಕೆಟ್‌ನಲ್ಲಿ ನಿಂತು ತನ್ನ ಸೊಪ್ಪು ತಾನೇ ಮಾರ್ತಾನೆ ಅಂದ್ರೆ ಅದು ಗಾಡಿ ದೆಸೆಯಿಂದ.

ಮಳೆಗಾಲಕ್ಕೆ ಮುಂಚೆ ಸರ್ವೀಸ್‌ಗೆ ಬಿಟ್ಟೆ. ಹೊಸ ಪ್ಲಗ್ಗು, ಏರ್ ಫಿಲ್ಟರ್, ಆಯಿಲ್, ಬ್ರೇಕ್ ಟೈಟು, ಎಲ್ಲಾ ಆಯ್ತು. ಅಂಗಡಿ ಮುಂದೆ ಒಂದು ರೌಂಡ್ ಹೊಡೆದೆ, ಬೆಣ್ಣೆ ಥರ ಇತ್ತು. ಮಾರನೇ ದಿನ ಬೆಳಗಿನ ಜಾವ ಲೋಡ್ ಹಾಕ್ಕೊಂಡು ಹೆಬ್ಬಾಳ ಫ್ಲೈಓವರ್ ಹತ್ತೋವಾಗ ಮೂರನೇ ಗೇರಲ್ಲಿ ಗಡಗಡ ಅಂತ ನಡುಗಕ್ಕೆ ಶುರುವಾಯ್ತು. ಆಕ್ಸಿಲೇಟರ್ ಒತ್ತಿದಷ್ಟೂ ಉಸಿರು ಕಟ್ಟುತ್ತೆ. ಎರಡಕ್ಕೆ ಇಳಿಸಿದೆ, ಹಿಂದೆ ಟಿಪ್ಪರ್‌ನವನು ಹಾರನ್ ಮೇಲೆ ಹಾರನ್. ಒಂದು ವಾರ ಹೀಗೇ ಓಡಿಸಿದೆ. ಲೀಟರಿಗೆ 14 ಕೊಡ್ತಿದ್ದ ಗಾಡಿ 10ಕ್ಕೆ ಬಂತು.

ವಾಪಸ್ ತಗೊಂಡು ಹೋದ್ರೆ ಗ್ಯಾರೇಜಲ್ಲಿ ಒಂದೇ ಮಾತು: "ಎಂಜಿನ್ ವೀಕ್ ಆಗಿದೆ ಸಾರ್, ಬೋರ್ ಮಾಡಿಸಬೇಕು, 42 ಸಾವಿರ ಆಗುತ್ತೆ." ಮನೇಲಿ ಚೀಟಿ ಎತ್ತೋ ತಿಂಗಳು. ಆ ದುಡ್ಡು ಡ್ರಿಪ್ ಲ್ಯಾಟರಲ್ ಬದಲಾಯಿಸೋಕೆ ಅಂತ ಇಟ್ಟಿದ್ದು. ವಿಷಯ ಕೇಳಿ ನಮ್ಮ ಮನೆಯವಳು ಹೇಳಿದ ಮಾತು ಇದು: "ಮೊನ್ನೆ ತನಕ ಹತ್ತುತಿದ್ದ ಎಂಜಿನ್ನು ಸರ್ವೀಸ್ ಮಾಡಿದ ದಿನಾನೇ ಮುದಿಯಾಯ್ತಾ?"

ನಿಜ ಅಲ್ವಾ? ಪಿಸ್ಟನ್ ರಿಂಗು ಸವೆಯೋದು ತಿಂಗಳು, ವರ್ಷದ ಲೆಕ್ಕದಲ್ಲಿ. ನೀಲಿ ಹೊಗೆ ಬರುತ್ತೆ, ಆಯಿಲ್ ಕುಡಿಯುತ್ತೆ, ನಿಧಾನಕ್ಕೆ ಶಕ್ತಿ ಇಳಿಯುತ್ತೆ. ಒಂದೇ ರಾತ್ರೀಲಿ ಬರೋ ಕಾಯಿಲೆ ಅಲ್ಲ ಅದು. ಸರ್ವೀಸ್ ಆದ ಮಾರನೇ ದಿನ ಶುರುವಾದ ದೋಷ ಸರ್ವೀಸಲ್ಲಿ ಕೈಯಿಟ್ಟ ಜಾಗದಲ್ಲೇ ಇರೋ ಸಾಧ್ಯತೆ ಜಾಸ್ತಿ. ಈ ಬರಹದಲ್ಲಿ ನೆನಪಿಡಬೇಕಾದ್ದು ಇಷ್ಟೇ, ಉಳಿದಿದ್ದು ವಿವರ.

ಬಿಎಂಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದ ನಮ್ಮ ಭಾವ ಭಾನುವಾರ ಬಂದ್ರು. ಬಂದೋರು ಸೀಟು ಎತ್ತಲಿಲ್ಲ. "ಮೊದ್ಲು ಬಿಲ್ ತೋರ್ಸಪ್ಪ" ಅಂದ್ರು. ಬಿಲ್ಲಲ್ಲಿ ಏನೇನು ಇತ್ತೋ ಅದೇ ಪ್ರಕಾರ ಒಂದೊಂದಾಗಿ ನೋಡ್ತಾ ಹೋದ್ವಿ.

ಮೊದಲು ಬ್ರೇಕು. ಸಮತಟ್ಟು ಜಾಗದಲ್ಲಿ ಗಾಡಿ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು ಇಬ್ರೂ ತಳ್ಳಿದ್ವಿ. ಖಾಲಿ ಓಮ್ನಿ ಒಬ್ಬನೇ ತಳ್ಳಬಹುದು. ಇದು ಇಬ್ಬರಿಗೂ ಜಗ್ಗಲಿಲ್ಲ. ಹಿಂದಿನ ಚಕ್ರ ಜ್ಯಾಕ್ ಹಾಕಿ ಎತ್ತಿ ತಿರುಗಿಸಿದ್ರೆ ಸರ್ ಅಂತ ಉಜ್ಜೋ ಸದ್ದು. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಜಾಸ್ತಿಯಾಗಿ ಶೂ ಡ್ರಮ್ಮನ್ನ ಯಾವಾಗಲೂ ಹಿಡ್ಕೊಂಡೇ ಇತ್ತು. ಎಂಜಿನ್ ಎಳೀತಿದೆ, ಬ್ರೇಕ್ ಹಿಡೀತಿದೆ, ಪೆಟ್ರೋಲ್ ಸುಡ್ತಿದೆ. ಸಡಿಲ ಮಾಡಿದ ಮೇಲೆ ಗಾಡಿ ಹಗುರಾಗಿ ಉರುಳಿತು. ನೀವೂ ನೋಡಬಹುದು. ಎರಡು ಮೂರು ಕಿಲೋಮೀಟರ್ ಓಡಿಸಿ, ಬ್ರೇಕ್ ಜಾಸ್ತಿ ಒತ್ತದೆ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ರ ಕೈ ಒಯ್ಯಿರಿ. ಮುಟ್ಟಬೇಡಿ, ಸುಟ್ಟುಬಿಡುತ್ತೆ. ಒಂದು ಚಕ್ರದಲ್ಲಿ ಮಾತ್ರ ಝಳ ಹೊಡೀತಿದ್ರೆ ಅಲ್ಲೇ ಬ್ರೇಕ್ ಹಿಡಿದಿದೆ ಅಂತ ಅರ್ಥ.

ಮೈಲೇಜ್ ಲೆಕ್ಕ ಬಹುಪಾಲು ಅಲ್ಲಿಗೆ ಮುಗೀತು. ಆದ್ರೆ ನಡುಕ ಹೋಗಿರಲಿಲ್ಲ.

ಎರಡನೇದು ಗಾಳಿ ದಾರಿ. ಏರ್ ಫಿಲ್ಟರ್ ಡಬ್ಬದ ಕ್ಲಿಪ್ಪು ಪೂರ್ತಿ ಕೂತಿದೆಯಾ, ಅಲ್ಲಿಂದ ಎಂಜಿನ್‌ಗೆ ಹೋಗೋ ಪೈಪಿನ ಕ್ಲ್ಯಾಂಪು ಬಿಗಿ ಇದೆಯಾ, ಬೆರಳು ದಪ್ಪದ ಸಣ್ಣ ರಬ್ಬರ್ ಪೈಪು ಯಾವುದಾದ್ರೂ ಕಳಚಿದೆಯಾ, ಸೀಳಿದೆಯಾ ನೋಡಿದ್ವಿ. ಹಳೇ ರಬ್ಬರ್ ಒಣಗಿರುತ್ತೆ, ಕೈ ತಾಗಿದ್ರೆ ಬಿರುಕು ಬಿಡುತ್ತೆ. ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗಿದ್ರೆ ಐಡ್ಲಿಂಗ್ ಏರೋದು ಇಳಿಯೋದು, ಜರ್ಕ್ ಹೊಡೆಯೋದು ಆಗುತ್ತೆ. ನನ್ನ ಗಾಡೀಲಿ ಇದೆಲ್ಲಾ ಸರಿಯಿತ್ತು.

ಮೂರನೇದು ಪ್ಲಗ್ಗು. ಎಂಜಿನ್ ತಣ್ಣಗಾದ ಮೇಲೆ ಮೂರೂ ಬಿಚ್ಚಿದ್ವಿ. ಎರಡು ಪ್ಲಗ್ಗಿನ ತುದಿ ಕಂದು ಬಣ್ಣ, ಇರಬೇಕಾದ್ದು ಹಾಗೇ. ಒಂದು ಮಾತ್ರ ಕಪ್ಪಗೆ, ಪೆಟ್ರೋಲಿಂದ ಒದ್ದೆ. ಅಂದ್ರೆ ಆ ಸಿಲಿಂಡರಲ್ಲಿ ಸರಿಯಾಗಿ ಉರೀತಿಲ್ಲ. ಪ್ಲಗ್ಗೇ ಕೆಟ್ಟಿದೆಯಾ ಅಂತ ತಿಳಿಯೋಕೆ ಭಾವ ಆ ಪ್ಲಗ್ಗನ್ನ ಪಕ್ಕದ ಸಿಲಿಂಡರ್‌ಗೆ, ಅದರದ್ದನ್ನ ಇದಕ್ಕೆ ಹಾಕಿದ್ರು. ಒಂದು ರೌಂಡ್ ಹೋಗಿ ಬಂದು ಬಿಚ್ಚಿದ್ರೆ ಮತ್ತೆ ಅದೇ ಸಿಲಿಂಡರಲ್ಲೇ ಕಪ್ಪು. ಪ್ಲಗ್ಗು ಬದಲಾದ್ರೂ ದೋಷ ಅಲ್ಲೇ ಉಳೀತು ಅಂದ್ಮೇಲೆ ತಪ್ಪು ಪ್ಲಗ್ಗಿಂದಲ್ಲ.

ಕತ್ತಲಾಗೋ ತನಕ ಕಾದ್ವಿ. ಶೆಡ್ಡಿನ ಲೈಟು ಆರಿಸಿ, ಸೀಟು ಎತ್ತಿ, ಎಂಜಿನ್ ಸ್ಟಾರ್ಟ್ ಮಾಡಿ, ರೇಸ್ ಮಾಡಿದಾಗ ಆ ಪ್ಲಗ್ಗಿನ ವೈರ್ ಪಕ್ಕದಲ್ಲಿ ನೀಲಿ ಕಿಡಿ ಕುಣೀತಿತ್ತು. ವಿಷಯ ಇಷ್ಟೇ. ಹಳೇ ಪ್ಲಗ್ಗು ತೆಗೆಯೋವಾಗ ರಬ್ಬರ್ ಟೋಪಿ ಹಿಡಿದು ಎಳೆಯೋ ಬದಲು ವೈರ್ ಹಿಡಿದು ಜಗ್ಗಿದ್ದಾರೆ. ಒಳಗಿನ ಎಳೆ ತುಂಡಾಗಿದೆ, ಹೊರಗೆ ಕಾಣಲ್ಲ. ಎಂಜಿನ್ ಓಡ್ತಿರುವಾಗ ಆ ವೈರ್ ಮಾತ್ರ ಮುಟ್ಟಬೇಡಿ, ಸಾವಿರಾರು ವೋಲ್ಟ್ ಇರುತ್ತೆ.

ಹಾಗಾದ್ರೆ ಖಾಲಿ ಗಾಡಿ ಹೇಗೆ ಸರಿಯಾಗಿ ಓಡ್ತಿತ್ತು? ನಮ್ಮ ಭಾಷೇಲಿ ಹೇಳ್ತೀನಿ. ಮೋಟಾರಿನ ಪೈಪಲ್ಲಿ ಸೂಜಿಯಷ್ಟು ತೂತಿದ್ರೆ ನೀರು ಬಾಯಿ ಬಿಟ್ಟು ಹರೀತಿರುವಾಗ ಗೊತ್ತಾಗಲ್ಲ. ಅದೇ ವಾಲ್ವ್ ತಿರುಗಿಸಿ ಡ್ರಿಪ್‌ಗೆ ಪ್ರೆಶರ್ ಕೊಟ್ಟ ತಕ್ಷಣ ಚಿಮ್ಮುತ್ತೆ. ಇಲ್ಲೂ ಹಾಗೇ. ಐಡ್ಲಿಂಗಲ್ಲಿ ಸಿಲಿಂಡರ್ ಒಳಗೆ ಗಾಳಿ ಕಮ್ಮಿ, ಒತ್ತಡ ಕಮ್ಮಿ, ವೀಕ್ ಕಿಡಿಯಾದ್ರೂ ಹಾರುತ್ತೆ. ಲೋಡ್ ಹಾಕಿ ಏರು ಹತ್ತೋವಾಗ ಗಾಳಿ ತುಂಬುತ್ತೆ, ಒತ್ತಡ ಏರುತ್ತೆ, ಕಿಡಿ ಪ್ಲಗ್ಗಿನ ಸಂದಿ ದಾಟಕ್ಕಾಗದೆ ಸುಲಭದ ದಾರಿ ಹುಡುಕಿ ಹೊರಗೆ ಸೋರಿಬಿಡುತ್ತೆ. ಮೂರು ಸಿಲಿಂಡರಿನ ಗಾಡೀಲಿ ಒಂದು ಹೋದ್ರೆ ಮೂರನೇ ಒಂದು ಭಾಗ ಶಕ್ತಿ ಹೋದ ಹಾಗೆ. ಪ್ಲಗ್ಗಿನ ಸಂದಿ ಜಾಸ್ತಿ ಆಗಿದ್ರೂ, ಬಿಗಿ ಮಾಡೋವಾಗ ಬಿಳೀ ಪಿಂಗಾಣಿ ಸೀಳಿದ್ರೂ ಇದೇ ಲಕ್ಷಣ.

ಜೆ.ಸಿ. ರಸ್ತೆಯಿಂದ ವೈರ್ ಸೆಟ್ ತರಿಸಿದೆ, ಏಳುನೂರು ಚಿಲ್ಲರೆ. ಮಾರನೇ ದಿನ ಅಷ್ಟೇ ಲೋಡು, ಅದೇ ಹೆಬ್ಬಾಳದ ಏರು, ಮೂರನೇ ಗೇರಲ್ಲಿ ಹತ್ತಿತು. ಚೀಟಿ ದುಡ್ಡು ಲ್ಯಾಟರಲ್‌ಗೇ ಹೋಯ್ತು.

ಗ್ಯಾರೇಜಿನೋರೆಲ್ಲ ಮೋಸಗಾರರು ಅಂತ ನಾನು ಹೇಳಲ್ಲ. ಒಬ್ಬ ಹುಡುಗ ದಿನಕ್ಕೆ ಎಂಟು ಗಾಡಿ ನೋಡ್ತಾನೆ, ಟ್ರಯಲ್ ಹೊಡೆಯೋದು ಖಾಲಿ ಗಾಡೀಲಿ, ಸಮ ರಸ್ತೇಲಿ. ಲೋಡಿನ ದೋಷ ಅಲ್ಲಿ ಕಾಣಲ್ಲ. ಕಾಣೋದು ನಮಗೆ, ಬೆಳಗಿನ ಜಾವ 3 ಗಂಟೆಗೆ.

ನಿಮ್ಮದು ಬೇರೆ ಗಾಡಿ ಆಗಿದ್ರೆ ಇಷ್ಟು ನೋಡಿ.

ಡೀಸೆಲ್ ಟೆಂಪೋ, ಟ್ರ್ಯಾಕ್ಟರ್: ಡೀಸೆಲ್ ಫಿಲ್ಟರ್ ಬದಲಾಯಿಸಿದ ಮೇಲೆ ಎಳೆತ ಇಲ್ಲ, ಆಫ್ ಆಗ್ತಿದೆ ಅಂದ್ರೆ ಲೈನಲ್ಲಿ ಗಾಳಿ ನಿಂತಿರಬಹುದು. ಹ್ಯಾಂಡ್ ಪಂಪ್ ಒತ್ತಿ ಗುಳ್ಳೆ ನಿಲ್ಲೋ ತನಕ ಏರ್ ತೆಗೀಬೇಕು. ಫಿಲ್ಟರಿನ ರಬ್ಬರ್ ವಾಷರ್ ಸರಿಯಾಗಿ ಕೂತಿಲ್ಲ ಅಂದ್ರೆ ಮತ್ತೆ ಮತ್ತೆ ಗಾಳಿ ಎಳೆಯುತ್ತೆ.

ಟ್ಯಾಪೆಟ್ ಸೆಟ್ಟಿಂಗ್ ಮಾಡಿಸಿದ್ರೆ: ಸಂದಿ ತೀರಾ ಬಿಗಿ ಇಟ್ಟಿದ್ರೆ ಎಂಜಿನ್ ಬಿಸಿಯಾದ ಮೇಲೆ ವಾಲ್ವ್ ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಸೋರುತ್ತೆ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ್ರೆ ಸೋಲೋದು ಇದರ ಗುರುತು.

ಹೊಸ ಪೆಟ್ರೋಲ್ ಗಾಡಿ: ಬ್ಯಾಟರಿ ವೈರ್ ಬಿಚ್ಚಿ ಹಾಕಿದ್ರೆ ಒಳಗಿನ ಕಂಪ್ಯೂಟರ್ ಕಲಿತಿದ್ದನ್ನ ಮರೆಯಬಹುದು. ಸ್ವಲ್ಪ ದಿನ ಓಡಿಸಿದ್ರೆ ಐಡ್ಲಿಂಗ್ ತಾನೇ ಸರಿಹೋಗುತ್ತೆ. ಚೆಕ್ ಲೈಟ್ ಹತ್ತಿಕೊಂಡೇ ಇದ್ರೆ ಸ್ಕ್ಯಾನರ್ ಹಾಕ್ಸಿ.

ಎಲ್ಲಾದಕ್ಕೂ ಈಗ ಪೆಟ್ರೋಲನ್ನೇ ಬಯ್ಯೋದೂ ಅಭ್ಯಾಸ ಆಗಿದೆ. ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನ ಪ್ರಧಾನಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಲ್ಲೇ, 2023ರ ಫೆಬ್ರವರಿ 6ರಂದು, ತುಮಕೂರು ರಸ್ತೆಯ ಮಾದಾವರದಲ್ಲಿ. ಎಥೆನಾಲಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯೋದು ಸುಳ್ಳಲ್ಲ. ಆದ್ರೆ ಸೋಮವಾರ ಹತ್ತಿದ ಏರನ್ನ ಸರ್ವೀಸ್ ಆಗಿ ಬುಧವಾರ ಹತ್ತಲಿಲ್ಲ ಅಂದ್ರೆ, ಎರಡೂ ದಿನ ಒಂದೇ ಬಂಕಿನ ಪೆಟ್ರೋಲ್ ಅಲ್ವಾ?

ಕೊನೆಗೆ, ನಾನೀಗ ಪಾಲಿಸ್ತಿರೋದು ಇಷ್ಟು. ಸರ್ವೀಸ್‌ಗೆ ಬಿಡೋ ಮುಂಚೆ ಎಂಜಿನ್ ಫೋಟೋ ನಾಲ್ಕು ಕಡೆಯಿಂದ ಮೊಬೈಲಲ್ಲಿ ತೆಗೀತೀನಿ. ಫುಲ್ ಟ್ಯಾಂಕಿಂದ ಫುಲ್ ಟ್ಯಾಂಕಿಗೆ ಮೈಲೇಜ್ ಬರೆದಿಡ್ತೀನಿ. ತೆಗೆದ ಹಳೇ ಸಾಮಾನು ವಾಪಸ್ ಕೇಳಿ ತರ್ತೀನಿ. ಬಿಲ್ಲಲ್ಲಿ ಮಾಡಿದ ಕೆಲಸ ಎಲ್ಲಾ ಬರೆಸ್ತೀನಿ. ಸರ್ವೀಸ್ ಆದ ದಿನ ಲೋಡ್ ಹಾಕಿ ಏರು ರಸ್ತೇಲಿ ಒಮ್ಮೆ ಓಡಿಸಿ ನೋಡ್ತೀನಿ. ಮಾರ್ಕೆಟ್ ದಿನಕ್ಕೆ ಕಾಯಲ್ಲ.

ಯಾರಾದ್ರೂ "ಎಂಜಿನ್ ಬೋರ್ ಮಾಡಿಸ್ಬೇಕು" ಅಂದ್ರೆ ಮೊದ್ಲು ಕಂಪ್ರೆಷನ್ ಟೆಸ್ಟ್ ಕೇಳಿ. ಪ್ಲಗ್ಗಿನ ತೂತಿಗೆ ಗೇಜ್ ಹಾಕಿ ನೋಡೋದು, ಅರ್ಧ ಗಂಟೆ ಕೆಲಸ. ಎಲ್ಲಾ ಸಿಲಿಂಡರಲ್ಲೂ ಕಂಪನಿ ಹೇಳಿದಷ್ಟು, ಹೆಚ್ಚುಕಮ್ಮಿ ಒಂದೇ ಸಮ ತೋರಿಸಿದ್ರೆ ಎಂಜಿನ್ ಬಿಚ್ಚಿಸೋಕೆ ಒಪ್ಪಬೇಡಿ. ಬಿಲ್ ಕೈಲಿ ಹಿಡ್ಕೊಂಡು, ಕೈಯಿಟ್ಟ ಜಾಗ ಒಂದೊಂದೇ ನೋಡ್ಕೊಂಡು ಬನ್ನಿ.