ಅಮ್ಮನ ಅಕ್ಷರ ಎಲ್ಲಿ ಹೋಯಿತು?

ನೀವಿಲ್ಲದಾಗ ಯಾರೋ ನಿಮ್ಮ ಅಡುಗೆಮನೆ ಹೊಕ್ಕು, ಡಬ್ಬಗಳನ್ನೆಲ್ಲ ಬೇರೆ ಥರ ಜೋಡಿಸಿ, "ಈಗ ನೋಡಿ, ಎಷ್ಟು ಅನುಕೂಲ!" ಅಂದರೆ ಹೇಗಿರುತ್ತೆ ಹೇಳಿ? ಸಾಸಿವೆ ಹುಡುಕುವಷ್ಟರಲ್ಲಿ ಒಗ್ಗರಣೆ ಎಣ್ಣೆ ಹೊಗೆಯಾಡುತ್ತಿರುತ್ತೆ. ಹೋದ ವರ್ಷ ನನಗಾದದ್ದೂ ಅದೇ. ಆದರೆ ನಾನು ಕಳೆದುಕೊಂಡದ್ದು ಸಾಸಿವೆ ಡಬ್ಬವಲ್ಲ.

ನನ್ನ ತವರು ಗುಬ್ಬಿ, ಸೇರಿದ ಮನೆ ತುಮಕೂರು. ಗುಬ್ಬಿ ಅಂದರೆ ಎಲ್ಲರಿಗೂ ನೆನಪಾಗುವುದು ವೀರಣ್ಣನವರ ನಾಟಕ ಕಂಪನಿ. ಅದಕ್ಕೂ ಹಿಂದೆ, 1830ರ ದಶಕದಲ್ಲೇ, ವೆಸ್ಲಿಯನ್ ಮಿಷನ್ನಿನವರು ಅಲ್ಲಿಗೆ ಬಂದಿದ್ದರು. ಇಡೀ ಸತ್ಯವೇದ ಕನ್ನಡದಲ್ಲಿ ಬಳ್ಳಾರಿಯಲ್ಲಿ ಅಚ್ಚಾದದ್ದು 1831ರಲ್ಲಿ. ಹಾಗಾಗಿ ನಮ್ಮಂಥ ಮನೆಗಳಲ್ಲಿ ಅದು ಅಜ್ಜಿ ಕಾಲದ ಒಡವೆ ಇದ್ದ ಹಾಗೆ.

ನಮ್ಮಮ್ಮನ ಪುಸ್ತಕದ ಅಂಚಿನಲ್ಲೆಲ್ಲ ಪೆನ್ಸಿಲ್ ಬರಹ. ಎರಡನೆಯ ಅರಸುಗಳು 4ನೇ ಅಧ್ಯಾಯದಲ್ಲಿ ವಿಧವೆಯ ಎಣ್ಣೆಯ ಕಥೆ ಬರುತ್ತಲ್ಲ, ಅದರ ಪಕ್ಕ, "ಎಣ್ಣೆ ಮುಗಿದಿತ್ತು. ಪಕ್ಕದ ಮನೆಯಿಂದ ಒಂದು ಪಾವು ಬಂತು" ಅಂತ. ಇನ್ನೊಂದು ಕಡೆ ತಂಗಿಯ ಜ್ವರ ಇಳಿದ ದಿನ. ನಮ್ಮ ಮನೆಯ ಚರಿತ್ರೆಯೇ ಅಲ್ಲಿತ್ತು.

2009ರಲ್ಲಿ ನಮ್ಮ ಮನೆಯವರು ಕಂಪ್ಯೂಟರಿಗೆ ಸತ್ಯವೇದ ಅಧ್ಯಯನದ ಒಂದು ಸಾಫ್ಟ್‌ವೇರ್ ಹಾಕಿಸಿಕೊಟ್ಟರು. ಒಂದು ಪದ ಹೊಡೆದರೆ ಸಾಕು, 66 ಪುಸ್ತಕಗಳಲ್ಲಿ ಅದು ಬರುವ ವಚನಗಳೆಲ್ಲ ಸಾಲಾಗಿ ನಿಲ್ಲುತ್ತಿದ್ದವು. ಭಾನುವಾರದ ಮಕ್ಕಳ ಪಾಠಕ್ಕೆ ಅದೇ ನನ್ನ ಬಲಗೈ. ಪ್ರತಿ ವಚನದ ಕೆಳಗೂ ಟಿಪ್ಪಣಿ ಬರೆಯಲು ಜಾಗ ಬೇರೆ! ಗುಬ್ಬಿಗೆ ಹೋದಾಗಲೆಲ್ಲ ಅಮ್ಮನ ಬರಹವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಂದು, ಒಂದೊಂದೇ ಅದರೊಳಗೆ ತುಂಬಿದೆ. ತುಂಬಿದ ಮೇಲೆ ನೋಟ್‌ಬುಕ್ ರದ್ದಿಗೆ ಹಾಕಿದೆ. 2019ರಲ್ಲಿ ಅಮ್ಮ ತೀರಿಕೊಂಡಾಗ, ಪುಸ್ತಕವನ್ನು ಪೆಟ್ಟಿಗೆಯಲ್ಲಿ ಅವರ ಎದೆಯ ಮೇಲಿಟ್ಟೇ ಕಳಿಸಿದೆವು. ಬರಹ ಹೇಗೂ ನನ್ನ ಹತ್ತಿರ ಇದೆಯಲ್ಲ ಅಂದುಕೊಂಡೆ.

ಹೋದ ವರ್ಷ ಮಗ, "ಅಮ್ಮಾ, ಹೊಸದು ಬಂದಿದೆ, ಹಾಕ್ತೀನಿ" ಅಂದ. ಹಾಕಿದ. ಬಣ್ಣವೇನೋ ಚೆಂದ. ಆದರೆ ಟಿಪ್ಪಣಿ ತೆರೆದರೆ ಅಮ್ಮನ ಮಾತಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿಗಳ ಕಲಸುಮೇಲೋಗರ! ಮಗ ಕಂಪನಿಗೆ ಬರೆದು ಕೇಳಿದ. "ನಿಮ್ಮ ಟಿಪ್ಪಣಿಗಳೆಲ್ಲ ಭದ್ರವಾಗಿವೆ" ಅಂತ ಉತ್ತರ ಬಂತು. ಭದ್ರವಂತೆ! ಓದಲಾಗದ ಮೇಲೆ ಎಂಥ ಭದ್ರ?

ಕಾರಣವನ್ನು ಮಗನೇ ಬಿಡಿಸಿ ಹೇಳಿದ. ನಾನು ಬರೆದದ್ದು ಹಳೇ ಫಾಂಟಿನಲ್ಲಿ. ಅದರಲ್ಲಿ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರದ ಸಂಖ್ಯೆಗಳೇ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿ ತೋರಿಸುತ್ತೆ. ಈಗಿನ ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಖ್ಯೆ. ಹೊಸ ಪ್ರೋಗ್ರಾಂ ಹಳೇ ಫಾಂಟನ್ನು ಬಿಟ್ಟಿತು, ವೇಷ ಕಳಚಿತು, ಅಷ್ಟೇ.

"ಹೋಗ್ಲಿ ಬಿಡೇ, ದೇವರ ವಾಕ್ಯ ಇದೆಯಲ್ಲ" ಅಂದರು ನಮ್ಮ ಮನೆಯವರು.

"ದೇವರ ವಾಕ್ಯ ಅಂಗಡಿಯಲ್ಲೂ ಸಿಗುತ್ತೆ ರೀ. ಅಮ್ಮನ ವಾಕ್ಯ ಎಲ್ಲಿ ಸಿಗುತ್ತೆ?" ಅಂದೆ. ಅವರು ಮಾತಾಡಲಿಲ್ಲ.

ಹಳೇ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಮಗ ಹಾಗೆ ಬದಲಿಸಿ ನೋಡಿದ. ಸುಮಾರು ಭಾಗ ಬಂತು. ಆದರೆ ಕೆಲವು ಗುರುತುಗಳನ್ನು ಹೊಸ ಪ್ರೋಗ್ರಾಂ ಮೊದಲೇ ನುಂಗಿತ್ತು. ಒತ್ತಕ್ಷರಗಳೇ ಮಾಯ. ಅಷ್ಟರಲ್ಲಿ ಕುಣಿಗಲ್ಲಿನ ತಂಗಿ ಫೋನ್ ಮಾಡಿದಳು: "ಅಕ್ಕಾ, 2012ರ ಕ್ರಿಸ್ಮಸ್ಸಿಗೆ ನೀನು ಕಾಪಿ ಕೊಟ್ಟಿದ್ದೆಯಲ್ಲ, ಆ ಹಳೇ ಕಂಪ್ಯೂಟರು ಅಟ್ಟದ ಮೇಲಿದೆ!" ಅದಕ್ಕೆ ಇಂಟರ್‌ನೆಟ್ಟೂ ಇಲ್ಲ, ಹೊಸದರ ಕಾಟವೂ ಇಲ್ಲ. ಧೂಳು ಕೊಡವಿ ಹಚ್ಚಿದರೆ ಅಕ್ಷರ ಅಚ್ಚುಕಟ್ಟಾಗಿ ಬಂತು. ಆದರೆ ಆಗ ನಾನು ತುಂಬಿದ್ದದ್ದು ಕೀರ್ತನೆಗಳವರೆಗೆ ಮಾತ್ರ. ಮುಂದಿನದರಲ್ಲಿ ಎಷ್ಟೋ ಮಾತು ಇಬ್ಬರಿಗೂ ಊಹೆಗೂ ಸಿಗಲಿಲ್ಲ. ಅವು ಹೋದವು, ಹೋದವೇ.

ಹೊಸದು ಬೇಡ ಅನ್ನುವವಳಲ್ಲ ನಾನು. ಸತ್ಯವೇದದ ಭಾಷಾಂತರವನ್ನೂ ಕಾಲಕಾಲಕ್ಕೆ ತಿದ್ದಿದ್ದಾರೆ. ಆದರೆ ಹೊಸ ಪುಸ್ತಕ ಮನೆಗೆ ಬಂದಿತೆಂದು ಹಳೆಯದು ಕಪಾಟಿನಿಂದ ತಾನಾಗಿ ಎದ್ದು ಹೋಗುವುದಿಲ್ಲವಲ್ಲ!

ನೀವೂ ಅಡುಗೆ ಲೆಕ್ಕವನ್ನೋ ಅತ್ತೆಯವರ ಹಾಡನ್ನೋ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಬರೆದಿಟ್ಟಿರಬಹುದು. ಹೊಸದನ್ನು ಹಾಕುವ ಮುಂಚೆ ಹಳೆಯದರ ಪ್ರತಿ ಬೇರೆ ಕಡೆ ತೆಗೆದಿಡಿ. ಬರೆಯುವುದು ಯೂನಿಕೋಡಿನಲ್ಲಿರಲಿ. ಮುಖ್ಯವಾದದ್ದನ್ನು ಕಾಗದದ ಮೇಲೂ ಇಳಿಸಿ.

ಈಗ ದಿನಾ ಮಧ್ಯಾಹ್ನ ಊಟವಾದ ಮೇಲೆ ತಂಗಿ ಕುಣಿಗಲ್ಲಿನಿಂದ ಫೋನಿನಲ್ಲಿ ಓದುತ್ತಾಳೆ, ನಾನು ಉದ್ದನೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಮೊನ್ನೆ ಆ ಒಂದು ಪಾವು ಎಣ್ಣೆ ಬಂತು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ಅವಳು, "ಬರ್ಕೊಂಡ್ಯಾ ಅಕ್ಕಾ?" ಅಂದಳು.

ಬರೆದುಕೊಂಡೆ. ಪೆನ್ನಿನಲ್ಲಿ.