ಹಳೆಯ ಮಾತು, ಹೊಸ ಸಂಖ್ಯೆ

ಗಂಡಿನ ಕಡೆಯವರದು ಒಂದು ಪಂಚಾಂಗ, ಹೆಣ್ಣಿನ ಕಡೆಯವರದು ಇನ್ನೊಂದು. ಮದುವೆಗೆ ಮುಹೂರ್ತ ಮಾತ್ರ ಒಂದೇ. ಈ ಪೇಚಾಟ ಕಂಡವರಿಗೆ ಜಾವಾ ಪ್ರೋಗ್ರಾಮರನ ಗೋಳನ್ನು ವಿವರಿಸುವುದು ಸುಲಭ.

ಇಂದು ಇಡೀ ಪ್ರೋಗ್ರಾಮನ್ನು ತಾವೇ ಬರೆಯುವವರು ಅಪರೂಪ. ಲೆಕ್ಕಕ್ಕೊಂದು, ಮುದ್ರಣಕ್ಕೊಂದು ಎಂದು ಯಾರೋ ಬರೆದಿಟ್ಟ ಲೈಬ್ರರಿಗಳನ್ನು ತಂದು ಜೋಡಿಸುತ್ತೇವೆ. ಆ ಎರಡೂ ಮೂರನೆಯದೊಂದನ್ನು ನೆಚ್ಚಿಕೊಂಡಿರುತ್ತವೆ. ಒಂದಕ್ಕೆ ಅದರ 1ನೇ ಆವೃತ್ತಿ ಬೇಕು, ಇನ್ನೊಂದಕ್ಕೆ 2ನೆಯದೇ ಆಗಬೇಕು. ಸಾಮಾನ್ಯವಾಗಿ ಜಾಗವಿರುವುದು ಒಂದಕ್ಕೇ. ಮೇವನ್ ಎಂಬ ಜೋಡಣೆಯ ಸಲಕರಣೆ ಇಂಥಲ್ಲಿ ನಮ್ಮ ಪ್ರೋಗ್ರಾಮಿಗೆ ಹತ್ತಿರದ ನೆಂಟಸ್ತಿಕೆಯದನ್ನು ಆರಿಸುತ್ತದೆ. ಸಮಾನ ದೂರದಲ್ಲಿದ್ದರೆ ಪಟ್ಟಿಯಲ್ಲಿ ಮೊದಲು ಬಂದದ್ದನ್ನು. ಯೋಗ್ಯತೆಯ ಪ್ರಶ್ನೆಯೇ ಇಲ್ಲ!

ನಾನಿದ್ದ ಕಚೇರಿಯೊಂದರಲ್ಲಿ ತಿಂಗಳ ಕೊನೆಗೆ ಸಂಬಳದ ಪ್ರೋಗ್ರಾಮು ನಿಂತುಬಿಟ್ಟಿತು. ಒಂದೊಂದು ಭಾಗವೂ ಬೇರೆಬೇರೆಯಾಗಿ ಕಂಪೈಲ್ ಆಗಿತ್ತು. ಜೋಡಿಸಿ ಓಡಿಸಿದಾಗ ಮಾತ್ರ 'ನೋ ಸಚ್ ಮೆಥಡ್', ಅಂದರೆ ನೀವು ಕೇಳಿದ ಮೆಥಡ್ ಇಲ್ಲಿಲ್ಲ ಎಂಬ ಉತ್ತರ. ಹೊರಗಿನಿಂದ ತಂದ ಲೈಬ್ರರಿಯವರು 2.3ರಿಂದ 2.4ಕ್ಕೆ ಹೋಗುವಾಗ ಹಳೆಯದೊಂದನ್ನು ಸದ್ದಿಲ್ಲದೆ ಕಿತ್ತುಹಾಕಿದ್ದರು. ಗುತ್ತಿಗೆ ನೌಕರರು ಎರಡು ದಿನ ಸಂಬಳಕ್ಕೆ ಕಾದರು. ಮನೆ ಬಾಡಿಗೆ ಕಟ್ಟಬೇಕಾದ ಕಾವಲುಗಾರನಿಗೆ ಆವೃತ್ತಿಯ ಕಥೆ ಹೇಳಿ ಪ್ರಯೋಜನವೇನು?

ಆವೃತ್ತಿಯ ಮೂರು ಅಂಕಿಗಳಿಗೆ ಒಂದು ಒಪ್ಪಂದವಿದೆ. ದೋಷ ತಿದ್ದಿದರೆ ಕೊನೆಯದು, ಹಳೆಯದನ್ನು ಕೆಡಿಸದೆ ಹೊಸದು ಸೇರಿಸಿದರೆ ನಡುವಿನದು, ಹಳೆಯದನ್ನು ಮುರಿದರೆ ಮೊದಲನೆಯದು ಏರಬೇಕು. ಇದನ್ನು ಹೇರುವ ಕಾನೂನೇನಿಲ್ಲ, ಬರೆಯುವವರ ಮರ್ಯಾದೆಗೆ ಬಿಟ್ಟದ್ದು. 2017ರಲ್ಲಿ ಬಂದ ಜಾವಾ 9ರ ಮಾಡ್ಯೂಲ್ ವ್ಯವಸ್ಥೆ ಯಾವುದು ಪಡಸಾಲೆ, ಯಾವುದು ಒಳಮನೆ ಎಂದು ಗೆರೆ ಎಳೆಯಿತು. ಯಾವ ಆವೃತ್ತಿ ಎಂಬ ಜಗಳಕ್ಕೆ ಮಾತ್ರ ಅದು ಪಂಚಾಯ್ತಿ ಮಾಡುವುದಿಲ್ಲ.

ಜಾವಾದ ಹಿರಿಯರನ್ನು ಒಂದು ಕಾರಣಕ್ಕೆ ಮೆಚ್ಚುತ್ತೇನೆ. ದಿನಾಂಕದಿಂದ ವರ್ಷ ತಿಳಿಸುವ ಹಳೆಯ ಮೆಥಡ್ಡೊಂದು 1900ನ್ನು ಕಳೆದು ಉತ್ತರ ಕೊಡುತ್ತದೆ. ಇದನ್ನು ಬಳಸಬೇಡಿರೆಂದು 1997ರ ಆವೃತ್ತಿಯಲ್ಲೇ ತಿಳಿಸಿದರು, ಆದರೂ ತೆಗೆಯಲಿಲ್ಲ. ಎಲ್ಲೋ ಯಾರೋ ಅದನ್ನೇ ನಂಬಿ ಕೂತಿರಬಹುದಲ್ಲ! ಎಲ್ಲವನ್ನೂ ಹೀಗೆ ಉಳಿಸಿಕೊಂಡರೆ ಮನೆಯೆಲ್ಲ ಅಟ್ಟವಾದೀತು, ನಿಜ. ಎಕ್ಸ್‌ಎಂಎಲ್‌ಗೆ ಸಂಬಂಧಿಸಿದ ಭಾಗವೊಂದನ್ನು 2017ರಲ್ಲಿ ಎಚ್ಚರಿಕೆ ಕೊಟ್ಟು, 2018ರ ಜಾವಾ 11ರಲ್ಲಿ ತೆಗೆದೂಬಿಟ್ಟರು. ಅದರ ಬಗ್ಗೆ ನನ್ನ ತಕರಾರಿಲ್ಲ.

ಊರಬಾವಿ ಮುಚ್ಚುವವನು ಮೊದಲು ಡಂಗುರ ಸಾರಿಸಬೇಕು. ಬೆಳಿಗ್ಗೆ ಬಿಂದಿಗೆ ಹಿಡಿದು ಬರುವವರು ಯಾರ್‍ಯಾರೆಂದು ಅವನಿಗೆ ತಿಳಿದಿರುವುದಿಲ್ಲ.